ಅರವತ್ತು ದಿನ ಅಲುಗದ ವ್ಯಾನು

ಕಾಲೊನಿಯ ಸಂಘದವರು ಮೊದಲ ನೋಟಿಸನ್ನು ಬಿಳಿ ಕಾಗದದಲ್ಲಿ ಕೊಡುತ್ತಿದ್ದರು, ಎರಡನೆಯದನ್ನು ಹಳದಿ ಕಾಗದದಲ್ಲಿ. ಮೂರನೆಯದು ಅಂತ ಇರಲಿಲ್ಲ, ಅಷ್ಟು ಹೊತ್ತಿಗೆ ಗಾಡಿಯೇ ಇರುತ್ತಿರಲಿಲ್ಲ. ಹಾಗಾಗಿ ಕೆಲಸದಿಂದ ಬಂದ ಕನ್ನಡಕದಕ್ಕ ಬಾಗಿಲ ಸಂದಿಯಲ್ಲಿ ಹಳದಿ ಕಾಗದ ಕಂಡದ್ದೇ ಬೀಗವನ್ನೂ ತೆಗೆಯದೆ ಅಲ್ಲೇ ನಿಂತು ಓದಿದಳು.

ಕನ್ನಡಕದಕ್ಕ ಎಂಬುದು ಕಾಲೊನಿಯ ಮಕ್ಕಳು ಇಟ್ಟ ಹೆಸರು. ಪೇಟೆಯ ಕನ್ನಡಕದಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ತಾನಾಯಿತು ತನ್ನ ಪಾಡಾಯಿತು ಎಂದಿದ್ದ ಹೆಂಗಸು. ಯಾರ ತಂಟೆಗೂ ಹೋದವಳಲ್ಲ, ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ.

ತಂಟೆ ಬಂದದ್ದು ತಮ್ಮನ ವ್ಯಾನಿನಿಂದ. ತಮ್ಮ ಸಾಣೆ ಹಿಡಿಯುವವನು. ವ್ಯಾನಿನ ಹಿಂಭಾಗದಲ್ಲಿ ಮೂರು ಸಾಣೆಕಲ್ಲು ಕೂರಿಸಿಕೊಂಡು, ಹೋಟೆಲಿನ ಚಾಕು, ದರ್ಜಿಯ ಕತ್ತರಿ, ತೋಟದವರ ಮಚ್ಚು ಎಲ್ಲವನ್ನೂ ಅವು ಇದ್ದಲ್ಲಿಗೇ ಹೋಗಿ ಹರಿತ ಮಾಡಿಕೊಡುತ್ತಿದ್ದ. ಒಂದು ದಿನ ಯಾವುದೋ ಹೋಟೆಲಿನ ಎಣ್ಣೆ ಚೆಲ್ಲಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಊರಿನ ಇನ್ನೊಂದು ಕೊನೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ಅಲ್ಲೇ ನಡಿಗೆ ಕಲಿಸುವ ವಾರ್ಡಿಗೆ ಹಾಕಿದರು. ಅವನ ಗೆಳೆಯನೊಬ್ಬ ವ್ಯಾನನ್ನು ತಂದು, ಅಕ್ಕನ ಮನೆಗೆ ಸೇರಿದ್ದ ಖಾಲಿ ಜಾಗದಲ್ಲಿ ನಿಲ್ಲಿಸಿ, ಕೀಲಿ ಕೊಟ್ಟು, ಬೇರೆ ಊರಿಗೆ ಕೆಲಸಕ್ಕೆ ಹೊರಟುಹೋದ. ಅಂದಿನಿಂದ ವ್ಯಾನು ನಿಂತಲ್ಲೇ ನಿಂತಿತ್ತು.

ಸಂಘದ ನಿಯಮ ಸ್ಪಷ್ಟವಾಗಿತ್ತು. ಅರವತ್ತು ದಿನ ಅಲುಗದ ಗಾಡಿ ಗಾಡಿಯಲ್ಲ, ದಾಸ್ತಾನು. ದಾಸ್ತಾನಿಗೆ ಕಾಲೊನಿಯಲ್ಲಿ ಜಾಗವಿಲ್ಲ. ನೆಂಟರಿಷ್ಟರ ಗಾಡಿ ಇಟ್ಟುಕೊಳ್ಳಬೇಕೆಂದರೆ ಆ ಮನೆಯಲ್ಲಿ ವಾಸವಿರುವವರೇ, ಲೈಸೆನ್ಸ್ ಇದ್ದವರೇ, ಅದನ್ನು ಓಡಿಸುತ್ತಿರಬೇಕು. ಇಲ್ಲವಾದರೆ ಎತ್ತುವ ಲಾರಿ ಬಂದು ಕೊಂಡೊಯ್ಯುತ್ತದೆ.

ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಸಂಘದ ಕಾರ್ಯದರ್ಶಿ. ಮೊದಲು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು, ಈಗ ನಿವೃತ್ತರು. ಪ್ರತಿ ಸೋಮವಾರ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಬಂದು, ಅನುಮಾನ ಬಂದ ಗಾಡಿಯ ಟೈರಿನ ಮೇಲಿಂದ ನೆಲದವರೆಗೆ ಒಂದೇ ನೇರ ಗೀಟು ಎಳೆಯುತ್ತಿದ್ದರು. ಮುಂದಿನ ಸೋಮವಾರ ಟೈರಿನ ಗೀಟು, ನೆಲದ ಗೀಟು ಹಾಗೇ ಕೂಡಿದ್ದರೆ ಗಾಡಿ ಅಲುಗಿಲ್ಲ ಎಂದರ್ಥ. ಬೆನ್ನ ಹಿಂದೆ ಎಲ್ಲರೂ ಅವರನ್ನು ಗೀಟು ಮೇಷ್ಟ್ರು ಅನ್ನುತ್ತಿದ್ದರು.

ಹಳದಿ ಕಾಗದದಲ್ಲಿ ಹತ್ತು ದಿನದ ಗಡುವಿತ್ತು. ಬಿಳಿ ಕಾಗದ ಬಂದಾಗಲೇ ಅವಳು ಏನಾದರೂ ಮಾಡಬೇಕಿತ್ತು. ಆದರೆ ಯಾರನ್ನು ಕೇಳುವುದು? ತಮ್ಮನಿಗೆ ಹೇಳುವ ಹಾಗಿರಲಿಲ್ಲ. ಮೂರು ವಾರದಿಂದ ಅವನು ಮಾತೇ ಕಮ್ಮಿ ಮಾಡಿದ್ದ. ಅವಳು ಹೋದರೆ ಗೋಡೆ ನೋಡುತ್ತ ಹೂಂ, ಉಹೂಂ ಅನ್ನುತ್ತಿದ್ದ. ನೋವಿರಬೇಕು, ಇದರ ಮೇಲೆ ವ್ಯಾನಿನ ಚಿಂತೆ ಬೇರೆ ಯಾಕೆ ಎಂದು ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮರುದಿನ ಇನ್ನೂ ಮಬ್ಬುಬೆಳಕಿರುವಾಗಲೇ, ಅವಳು ತನ್ನ ಜನ್ಮದಲ್ಲಿ ಮಾಡದ ಕೆಲಸವೊಂದನ್ನು ಮಾಡಿದಳು. ಒದ್ದೆ ಬಟ್ಟೆ ಹಿಡಿದು ವ್ಯಾನಿನ ಬಳಿ ಕುಕ್ಕರುಗಾಲಲ್ಲಿ ಕೂತು ಸೀಮೆಸುಣ್ಣದ ಗೀಟನ್ನು ಒರೆಸತೊಡಗಿದಳು. ಟೈರಿನದು ಹೋಯಿತು. ನೆಲದ್ದಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು.

ಗೀಟು ಮೇಷ್ಟ್ರು! ಬೆಳಗಿನ ವಾಕಿಂಗಿಗೆ ಹೊರಟಿದ್ದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಟೈರಿಗೆ ಮುಖ ತೊಳಿಸ್ತಿದ್ದೀರಾ?"

ಸುಳ್ಳು ಹೇಳಲು ಬಾಯಿ ತೆರೆದಳು, ಬರಲಿಲ್ಲ. ಬದಲಿಗೆ ಎಲ್ಲವೂ ಒಟ್ಟಿಗೆ ಬಂತು: ತಮ್ಮ ಬಿದ್ದದ್ದು, ಗೆಳೆಯ ಕೀಲಿ ಕೊಟ್ಟು ಹೋದದ್ದು, ಈ ವ್ಯಾನು ಹೋದರೆ ತಮ್ಮನ ಅರ್ಧ ಜೀವ ಹೋದಂತೆ ಎಂಬುದು. "ತಪ್ಪಾಯ್ತು ಸಾರ್. ನನಗೆ ಬೇರೆ ದಾರಿ ಕಾಣ್ಲಿಲ್ಲ," ಎಂದಳು.

ಮೇಷ್ಟ್ರು ಬೀದಿಯ ಕೊನೆಯ ಕಡೆ ಕೈ ತೋರಿಸಿದರು. "ಎಂಟು ವರ್ಷದ ಹಿಂದೆ ಆ ಮೂಲೆ ಮನೇಲಿ ಬೆಂಕಿ ಬಿತ್ತು. ನೀವಿನ್ನೂ ಇಲ್ಲಿಗೆ ಬಂದಿರ್ಲಿಲ್ಲ. ಫೈರ್ ಇಂಜಿನ್ನು ಬಂದು ಅಲ್ಲೇ ನಿಂತುಬಿಡ್ತು. ದಾರೀಲಿ ಮೂರು ಗಾಡಿ, ಯಾವ್ದೂ ಓಡಲ್ಲ, ಒಂದಕ್ಕೆ ಕೀಲೀನೇ ಇಲ್ಲ. ಯಾರಿಗೂ ಏನೂ ಆಗ್ಲಿಲ್ಲ, ಪುಣ್ಯ. ಅವತ್ತಿಂದ ನಾನು ಗೀಟು ಹಾಕ್ತಿರೋದು." ಆಮೇಲೆ ಕೇಳಿದರು, "ನಿಮ್ಮ ಹತ್ರ ಲೈಸೆನ್ಸ್ ಇದೆಯಾ?"

ಇತ್ತು. ಗುರುತಿಗೆ ತೋರಿಸಲು ಬೇಕೆಂದು ಜೋಪಾನವಾಗಿ ಇಟ್ಟುಕೊಂಡಿದ್ದಳು, ಅವಧಿಯೂ ಮುಗಿದಿರಲಿಲ್ಲ. ಆದರೆ ಹನ್ನೊಂದು ವರ್ಷದ ಹಿಂದೆ, ಲೈಸೆನ್ಸ್ ಸಿಕ್ಕ ಮೂರನೇ ದಿನ, ಗೆಳತಿಯ ಕಾರನ್ನು ಪೆಟ್ರೋಲ್ ಬಂಕಿನ ಗೋಡೆಗೆ ಗುದ್ದಿದ ಮೇಲೆ ಸ್ಟಿಯರಿಂಗ್ ಮುಟ್ಟಿರಲಿಲ್ಲ.

"ಹಾಗಿದ್ರೆ ಸುಲಭ," ಎಂದರು ಮೇಷ್ಟ್ರು. "ಗಡುವಿನೊಳಗೆ ನೀವೇ ಓಡಿಸ್ಕೊಂಡು ಗೇಟಿಂದ ಆಚೆ ಹೋಗಿ ವಾಪಸ್ ಬನ್ನಿ. ಎಷ್ಟು ದೂರ ಅಂತ ನಿಯಮದಲ್ಲಿ ಬರ್ದಿಲ್ಲ. ನಾನು ಪುಸ್ತಕದಲ್ಲಿ ಬರ್ಕೋತೀನಿ, ಮುಗೀತು. ಆ ಬಟ್ಟೆ ಒಣಗ್ಹಾಕಿ ಹೋಗಿ."

ಸುಲಭವಂತೆ! ಅವಳಿಗೆ ಅದು ಕಬ್ಬಿಣದ ಕಡಲೆಯಾಗಿತ್ತು. ಆದರೂ ಗ್ಯಾರೇಜಿನವನನ್ನು ಕರೆಸಿದಳು. ಅವನು ಬ್ಯಾಟರಿ ಬದಲಿಸಿ, ಟೈರಿಗೆ ಗಾಳಿ ತುಂಬಿ, ಎಂಜಿನ್ ಹಚ್ಚಿದಾಗ ಹಿಂದಿನ ಬಾಗಿಲು ಕಿರ್‌ಗುಟ್ಟುತ್ತ ಅದುರಿತು. ನಂತರ ದಿನಾ ಸಂಜೆ ಅಂಗಡಿಯಿಂದ ಬಂದವಳೇ ವ್ಯಾನಿನಲ್ಲಿ ಕೂತು ಕ್ಲಚ್ಚು ಒತ್ತುವುದು, ಗೇರು ಹಾಕುವುದು ಅಭ್ಯಾಸ ಮಾಡಿದಳು. ಗೇಟು ಕಾಯುವ ತಾತ ಮೊದಲು ಬಸ್ ಕಂಡಕ್ಟರಾಗಿದ್ದವನು. ಅವನೇ ಅವಳಿಗೆ ಗುರುವಾದ. "ಬರ್ಲಿ ಬರ್ಲಿ ಬರ್ಲಿ... ಹೋಲ್ಡಾನ್! ಅಕ್ಕಾ, ಅದು ಬ್ರೇಕಲ್ಲ!" ಎಂದು ಅವನು ಕೂಗುವುದು ಇಡೀ ಬೀದಿಗೆ ಕೇಳುತ್ತಿತ್ತು. ಮೂರು ದಿನದಲ್ಲಿ ವ್ಯಾನು ಎರಡು ಮಾರು ಮುಂದೆ, ಎರಡು ಮಾರು ಹಿಂದೆ ಹೋಗಲು ಒಪ್ಪಿಕೊಂಡಿತು. ಐದನೇ ದಿನ ಕಾಲೊನಿಯೊಳಗೇ ಒಂದು ಸುತ್ತು ಬಂತು. ಹೂಕುಂಡವೊಂದು ಹೋಯಿತು, ಹೋಗಲಿ.

ಗಡುವಿನ ಕೊನೆಯ ದಿನ ಭಾನುವಾರ. ಹತ್ತು ಗಂಟೆಗೆ ಮೇಷ್ಟ್ರು ಪುಸ್ತಕ, ಪೆನ್ನು ಹಿಡಿದು ಗೇಟಿನ ಬಳಿ ನಿಂತರು. ರಜೆಯಾದ್ದರಿಂದ ಅಲ್ಲೊಬ್ಬರು ಇಲ್ಲೊಬ್ಬರು ಬಾಲ್ಕನಿಗೂ ಬಂದರು. ಅವಳು ವ್ಯಾನನ್ನು ಗೇಟಿನವರೆಗೆ ತಂದಳು. ತಾತ ಗೇಟನ್ನು ಅಗಲಿಸಿ, ವ್ಯಾನಿನ ಪಕ್ಕೆಗೆ ಎರಡು ಸಲ ತಟ್ಟಿ, "ರೈಟ್, ರೈಟ್!" ಎಂದ.

ಲೆಕ್ಕ ಇಷ್ಟೇ ಇತ್ತು: ಗೇಟು ದಾಟಿ, ಮುಂದಿನ ವೃತ್ತದಲ್ಲಿ ತಿರುಗಿಸಿ, ವಾಪಸ್ಸು. ಐದು ನಿಮಿಷದ ಕೆಲಸ. ಆದರೆ ವೃತ್ತ ಬಂದಾಗ ಒಂದು ಕಡೆ ಬಸ್ಸು, ಇನ್ನೊಂದು ಕಡೆ ನೀರಿನ ಟ್ಯಾಂಕರು. ಅತ್ತ ದರಿ, ಇತ್ತ ಪುಲಿ. ತಿರುಗಿಸಲು ಧೈರ್ಯ ಸಾಲದೆ ನೇರ ಹೊರಟಳು. ನೇರ ಹೋದರೆ ಸೇತುವೆ. ಸೇತುವೆ ಹತ್ತಿದ ಮೇಲೆ ತಿರುಗುವ ಮಾತೇ ಇಲ್ಲ.

ಎರಡನೇ ಗೇರಿನಲ್ಲೇ ಸೇತುವೆ ದಾಟಿದಳು. ಹಿಂದಿನಿಂದ ಹಾರನ್ನಿನ ಸುರಿಮಳೆ. "ಹೊಡ್ಕೊಳ್ಳಿ, ಹೊಡ್ಕೊಳ್ಳಿ, ನಾನಂತೂ ಹೀಗೇ ಹೋಗೋದು," ಎಂದು ಗಟ್ಟಿಯಾಗಿ ಹೇಳಿಕೊಂಡಳು. ಇಳಿಜಾರಿನಲ್ಲಿ ಮೂರನೇ ಗೇರು ತಾನಾಗಿಯೇ ಎಂಬಂತೆ ಬಿತ್ತು, ಎಂಜಿನ್ನಿನ ಗೊಣಗಾಟ ನಿಂತು ವ್ಯಾನು ಹಗುರಾಗಿ ಓಡಿತು. ಬೋರ್ಡು ನೋಡಿದಳು. ಈ ರಸ್ತೆ ಅವಳಿಗೆ ಗೊತ್ತು. ದಿನ ಬಿಟ್ಟು ದಿನ ಬಸ್ಸಿನ ಕಿಟಕಿಯಿಂದ ನೋಡುವ ರಸ್ತೆ. ಇನ್ನು ಎರಡು ಸಿಗ್ನಲ್ ದಾಟಿದರೆ ತಮ್ಮನ ಆಸ್ಪತ್ರೆ.

ಹೋಗಿಯೇಬಿಟ್ಟಳು.

ಆಸ್ಪತ್ರೆಯ ಮುಂದಿನ ಹಾದಿಯಲ್ಲಿ ರೋಗಿಗಳನ್ನು ಬೆಳಗಿನ ಬಿಸಿಲಿಗೆ ನಡೆಸುತ್ತಿದ್ದರು. ತಮ್ಮ ವಾಕರ್ ಹಿಡಿದು, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ಇಡುತ್ತಿದ್ದ. ಹಿಂದಿನ ಬಾಗಿಲಿನ ಕಿರ್‌ಗುಟ್ಟುವಿಕೆ ಕಿವಿಗೆ ಬಿದ್ದದ್ದೇ ತಲೆಯೆತ್ತಿದ. ವ್ಯಾನು ಕಂಡಿತು. ಒಳಗೆ ಅಕ್ಕ ಕಂಡಳು. ಅವನು ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಅವಳು ಎಂಜಿನ್ ನಿಲ್ಲಿಸಿ ಕೆಳಗಿಳಿದಳು. "ಏನೋ ಹಾಗೆ ನೋಡ್ತೀಯಾ?"

"ಅಕ್ಕಾ... ಇದು ಇನ್ನೂ ಇದೆಯಾ?"

"ಇರದೆ ಎಲ್ಲಿಗೆ ಹೋಗುತ್ತೆ?"

"ಆ ಬಿಳಿ ಕಾಗದ... ನನ್ನ ಬಟ್ಟೆ ಚೀಲದಲ್ಲಿ ಇತ್ತಲ್ಲ. ಎತ್ಕೊಂಡು ಹೋಗ್ತೀವಿ ಅಂತ ಬರ್ದಿದ್ರು. ಹೋಯ್ತು ಅಂದ್ಕೊಂಡೆ. ಕೇಳಿದ್ರೆ ನಿನಗೆ ಬೇಜಾರಾಗುತ್ತೆ, ಪಾಪ, ನೀನೇನು ಮಾಡೋಕಾಗುತ್ತೆ ಅಂತ ಸುಮ್ಮನಿದ್ದೆ." ಅವನು ವಾಕರನ್ನು ಒಂದು ಹೆಜ್ಜೆ ವ್ಯಾನಿನ ಕಡೆ ತಳ್ಳಿದ. "ವ್ಯಾನೇ ಇಲ್ಲ ಅಂದ್ಮೇಲೆ ಯಾಕೆ ನಡೆಯೋದು ಕಲೀಬೇಕು ಅನ್ನಿಸ್ತಿತ್ತು ಕಣೇ."

ಅವನಿಗೆಂದು ಒಗೆದು ತಂದ ಬಟ್ಟೆಗಳ ನಡುವೆ ಆ ಕಾಗದ ಯಾವಾಗ ಸೇರಿಹೋಯಿತೋ ಅವಳಿಗೇ ತಿಳಿದಿರಲಿಲ್ಲ. ಇಷ್ಟು ದಿನದ ಆ ಮೌನ ನೋವಿನದ್ದಲ್ಲ, ಸಿಟ್ಟಿನದ್ದೂ ಅಲ್ಲ. ಇವಳು ಅವನಿಗೆ ನೋವಾಗದಿರಲಿ ಎಂದು ಬಾಯಿ ಮುಚ್ಚಿದ್ದಳು, ಅವನು ಇವಳಿಗೆ. ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದ ಪೆದ್ದರು," ಎಂದು ಅವನ ತಲೆಗೆ ಮೆಲ್ಲಗೆ ಮೊಟಕಿದಳು.

ಅವನು ವಾಕರ್ ತಳ್ಳಿಕೊಂಡು ವ್ಯಾನಿನ ಸುತ್ತ ಒಂದು ಸುತ್ತು ಬಂದ. ಬಾಗಿಲು ತೆಗೆಸಿ ಸಾಣೆಕಲ್ಲು ಮುಟ್ಟಿ ನೋಡಿದ. ಅವನನ್ನು ನಡೆಸುತ್ತಿದ್ದ ನರ್ಸಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ನಿನ್ನೆ ಹತ್ತು ಹೆಜ್ಜೆ ಅಂದ್ರೆ ಸುಸ್ತು ಅಂತಿದ್ದವರು ನೀವೇನಾ?"

ಅವಳು ಕಾಲೊನಿಗೆ ಮರಳಿದಾಗ ಒಂದೂಕಾಲು. ಐದು ನಿಮಿಷಕ್ಕೆಂದು ಹೋದವಳು! ಗಾಬರಿಯಲ್ಲಿ ಫೋನನ್ನು ಮನೆಯಲ್ಲೇ ಬಿಟ್ಟಿದ್ದಳು. ಗೇಟಿನಲ್ಲಿ ಮೇಷ್ಟ್ರು ಇನ್ನೂ ಕಾಯುತ್ತಿದ್ದರು, ಮುಖ ಬೆವೆತಿತ್ತು. ಎರಡು ಸಲ ಸ್ಕೂಟರಿನಲ್ಲಿ ಸೇತುವೆಯವರೆಗೂ ಹೋಗಿ ಹುಡುಕಿ ಬಂದಿದ್ದರಂತೆ. ವ್ಯಾನು ಕಂಡದ್ದೇ ಅವರಿಗೆ ಹೋದ ಜೀವ ಬಂದಂತಾಯಿತು.

"ಅಯ್ಯೋ ತಾಯಿ, ಎಲ್ಲಿ ಹೋಗಿದ್ರಿ? ನಾನೇ ನಿಮ್ಮನ್ನ ಸಾವಿನ ಬಾಯಿಗೆ ತಳ್ಳಿದೆನೇನೋ ಅಂತ..." ಮಾತನ್ನು ಅಲ್ಲಿಗೇ ಬಿಟ್ಟು ಪುಸ್ತಕ ತೆರೆದು, ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದರು: "ಹನ್ನೆರಡನೇ ಮನೆಯ ವ್ಯಾನು. ಹೊರಗೆ, ಹತ್ತು ಐದು. ಒಳಗೆ, ಒಂದು ಹದಿನೈದು. ಸ್ವಂತ ಶಕ್ತಿಯಿಂದ."

"ಗಾಡೀದಾ, ಅಕ್ಕಂದಾ?" ಎಂದ ತಾತ.

ಮೇಷ್ಟ್ರು ಮೊದಲ ಸಲ ಅವಳೆದುರು ನಕ್ಕರು. ಅವಳು ಎಂಜಿನ್ ನಿಲ್ಲಿಸಿ, ಬೆನ್ನನ್ನು ಸೀಟಿಗೆ ಒರಗಿಸಿದಳು. ಗುಡ್ಡದಂಥ ಭಾರ ಭುಜದಿಂದ ಇಳಿದಿತ್ತು. ಆಗಷ್ಟೇ ಅವಳಿಗೆ ಹಸಿವಾಗುತ್ತಿದೆ ಎಂದು ಗೊತ್ತಾಯಿತು, ಹತ್ತು ದಿನದಲ್ಲಿ ಮೊದಲ ಬಾರಿಗೆ.

ಮುಂದಿನ ತಿಂಗಳು ತಮ್ಮನನ್ನು ಮನೆಗೆ ಕಳಿಸಿದರು. ಅವಳೇ ಹೋಗಿ ಕರೆತಂದಳು. ಊರುಗೋಲನ್ನು ಕಾಲಿನ ನಡುವೆ ನಿಲ್ಲಿಸಿಕೊಂಡು ಪಕ್ಕದ ಸೀಟಿನಲ್ಲಿ ಕೂತ ತಮ್ಮ ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಗೇರು ಬದಲಿಸು, ಹಾರನ್ ಹೊಡಿ, ಆ ಆಟೋದವನಿಗೆ ದಾರಿ ಬಿಡಬೇಡ. ಸೇತುವೆಯ ಮೇಲೆ ಅವಳಿಗೆ ಸಾಕುಸಾಕಾಯಿತು.

"ಸುಮ್ನೆ ಕೂತ್ಕೋತೀಯೋ, ಇಲ್ಲೇ ಇಳಿಸ್ಲೋ?"

"ಇಳಿಸು ನೋಡೋಣ," ಎಂದು ತಮ್ಮ ನಕ್ಕ. ಅವಳು ಇಳಿಸಲಿಲ್ಲ, ಮೂರನೇ ಗೇರು ಹಾಕಿ ಮನೆಯ ಕಡೆ ಹೊರಟಳು.