ಪಂಚಾಯಿತಿ ಮುರಿಗೆವ್ವನ ಮನೆಗೆ ಬಂತು

‘ಹಿರಿಯರಿಗೆ ಒಂದು ಮಾತು ಹೇಳಬೇಕೆಂದರೆ ನನ್ನ ಬಾಯಿ ಯಾಕೆ ಕಟ್ಟಿಹೋಗುತ್ತದೆ?’ ಡೈರಿಯಲ್ಲಿ ಇಷ್ಟು ಬರೆದು ಮುಚ್ಚಿಟ್ಟು ದಾಕ್ಷಾಯಿಣಿ ಕೆಲಸಕ್ಕೆ ಹೊರಟಳು. ಧಾರವಾಡದಿಂದ ಗರಗಕ್ಕೆ ಹೋಗುವ ದಾರಿಯ ಹಳ್ಳಿಯೊಂದರ ಪಂಚಾಯಿತಿಯಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ಪದವಿ ಮುಗಿಸಿ ಈಚೆಗಷ್ಟೇ ಸೇರಿದವಳು.

ಅಂದು ಟ್ಯಾಬ್ ಹಿಡಿದು ಅವಳು ಹೋದದ್ದು ಮುರಿಗೆವ್ವನ ಮನೆಗೆ. ಖಾದಿ ನೇಯುವ ಆ ಹಿರಿಯಾಕೆ ಕಾಲು ಮುರಿದುಕೊಂಡು ಮಲಗಿದ್ದಳು. ಅವಳ ಮಗ್ಗದ ಖೋಲಿ, ಅಂದರೆ ಮಗ್ಗವಿಟ್ಟ ಕೋಣೆ, ದಾಖಲೆಯಲ್ಲಿ ಪಕ್ಕದ ಮನೆಗೆ ಸೇರಿಹೋಗಿತ್ತು. ತಿದ್ದುಪಡಿಗೆ ಅಂದೇ ಕೊನೆಯ ದಿನ; ಸಂಜೆಯೊಳಗೆ ತಿದ್ದದಿದ್ದರೆ ಅದೇ ಕಾಯಂ. ಕಚೇರಿಗೆ ಬಂದು ನೋಡೋಣವೆಂದರೆ ಮುರಿಗೆವ್ವ ಏಳುವ ಹಾಗಿರಲಿಲ್ಲ.

ಇಂಟರ್ನೆಟ್ ಮೂಲಕ ಟ್ಯಾಬಿನಲ್ಲಿ ಕಚೇರಿಯ ಕಂಪ್ಯೂಟರೇ ತೆರೆದುಕೊಂಡಿತು.

“ಇಷ್ಟ ಪಾಟಿಯೊಳಗ ನನ್ನ ಮನಿ ಹೆಂಗ ಹಿಡಸ್ತದ ಯವ್ವಾ?” ಎಂದಳು ಮುರಿಗೆವ್ವ, ಸ್ಲೇಟಿನಂಥ ಟ್ಯಾಬನ್ನು ನೋಡಿ.

“ಇದು ಬರೇ ಕಿಟಕಿ ಅಮ್ಮಾ. ದಾಖಲಿ ಕಚೇರ್ಯಾಗ ಅದ. ನಾವು ಇಲ್ಲಿಂದ ನೋಡಾಕತ್ತೇವಿ.”

“ಕಿಟಕ್ಯಾಗಿಂದ ಕೈ ಹಾಕಿ ಯಾರರ ನನ್ನ ಮಗ್ಗಾನೂ ಒಯ್ದರ?”

ದಾಕ್ಷಾಯಿಣಿಗೆ ನಗು ಬಂತು. ತನ್ನ ಪಾಸ್‌ವರ್ಡ್ ಯಾರಿಗೂ ಕೊಡುವುದಿಲ್ಲ, ಟ್ಯಾಬ್ ಕಳೆದರೂ ದಾಖಲೆ ಕಳೆಯುವುದಿಲ್ಲ, ನೀವು ಹೂಂ ಅಂದ ಮೇಲೆಯೇ ಬರೆಯುವುದು ಎಂದು ಬಿಡಿಸಿ ಹೇಳಿದಳು. ಮನೆಯ ನಾಲ್ಕೂ ದಿಕ್ಕಿನ ಗಡಿ ಓದಿದಳು. ಮುರಿಗೆವ್ವ ಮಲಗಿದಲ್ಲಿಂದಲೇ ಗೋಡೆ ತೋರಿಸಿ ತಿದ್ದಿಸಿದಳು. ತಿದ್ದಿದ್ದನ್ನು ಇನ್ನೇನು ಸೇವ್ ಮಾಡಬೇಕು ಎನ್ನುವಷ್ಟರಲ್ಲಿ ತೆರೆ ಕಪ್ಪಾಯಿತು.

ದಾಕ್ಷಾಯಿಣಿಗೆ ಗೊತ್ತಾಯಿತು. ಊಟದ ಹೊತ್ತು. ಕಚೇರಿಯ ಸಿಪಾಯಿ ಕುಬೇರಪ್ಪ ಈ ಹೊತ್ತಿಗೆ ಕಂಪ್ಯೂಟರ್ ಬಂದ್ ಮಾಡುವುದು ರೂಢಿ. ಇವತ್ತೊಂದು ದಿನ ಬೇಡ ಎಂದು ಬೆಳಿಗ್ಗೆ ಹೇಳಬೇಕಿತ್ತು. ತನಗಾಗಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಟ್ಟ ಹಿರಿಯ ಜೀವ. ಅಂಥವರಿಗೆ ಹೇಗೆ ಹೇಳುವುದೆಂದು ಹೇಳದೆಯೇ ಬಂದಿದ್ದಳು.

“ನನ್ನ ಖೋಲಿ ಹೋತೇನವ್ವಾ?” ಮುರಿಗೆವ್ವನ ದನಿ ಸಣ್ಣಗಾಯಿತು.

ದಾಕ್ಷಾಯಿಣಿ ಫೋನ್ ಹಚ್ಚಿದಳು. ಕುಬೇರಪ್ಪ ನಿರಾಳವಾಗಿದ್ದ. ಕುರ್ಚಿಯಲ್ಲಿ ಯಾರೂ ಇಲ್ಲ, ತೆರೆಯ ಮೇಲಿನ ಬಾಣ ಮಾತ್ರ ತಾನೇ ಓಡಾಡುತ್ತಿತ್ತಂತೆ. “ದಣದದ ಅನಿಸ್ತು, ಬಂದ್ ಮಾಡ್ದೆ. ಮಧ್ಯಾಹ್ನ ಎತ್ತಿನ ಕೊಳ್ಳ ಹರದು, ನೊಗ ಇಳಿಸಿ, ನೆಳ್ಳಿಗೆ ಕಟ್ಟೂದಿಲ್ಲೇನವ್ವಾ? ಹಂಗ.”

ಹೂಂ ಕಾಕಾ ಎಂದು ಫೋನ್ ಇಡುವುದೇ ಅವಳ ಸ್ವಭಾವ. ಆದರೆ ಎದುರಿಗೆ ಮುರಿಗೆವ್ವ ಮಗ್ಗದ ಖೋಲಿಯ ಬಾಗಿಲನ್ನೇ ನೋಡುತ್ತಿದ್ದಳು.

“ಕಾಕಾ, ತಪ್ಪ ಮಾಡೀರಿ. ಆ ಬಾಣ ಓಡಸಾಕತ್ತಿದ್ದಾಕಿ ನಾನು. ಅಲ್ಲಿ ಬಂದ್ ಆದ್ರ ಇಲ್ಲಿ ಮುರಿಗೆವ್ವನ ಖೋಲಿ ಹೋಗ್ತದ. ಲಗೂ ಚಾಲೂ ಮಾಡ್ರಿ.”

ಆ ಕಡೆ ಕುರ್ಚಿ ಸರಿದ ಸದ್ದು. ಇನ್ನು ಮೇಲೆ ನಿನ್ನ ಕೇಳಿಯೇ ಕೊಳ್ಳ ಹರಿಯುತ್ತೇನೆ ಎಂದ ಕುಬೇರಪ್ಪ. ತೆರೆ ಬೆಳಗಿತು. ದಾಕ್ಷಾಯಿಣಿ ಮತ್ತೆ ಮೊದಲಿಂದ ತಿದ್ದಿ ಓದಿದಳು. ಮುರಿಗೆವ್ವ ತುಂಬುಬಾಯಿಂದ ಹೂಂ ಅಂದಳು. ದಾಕ್ಷಾಯಿಣಿ ಸೇವ್ ಒತ್ತಿದಳು; ಖೋಲಿ ಮುರಿಗೆವ್ವನ ಹೆಸರಿಗೆ ಬಂತು.

ನಿಮ್ಮ ಮನೆಗೂ ಪಂಚಾಯಿತಿಯ ಟ್ಯಾಬ್ ಬಂದರೆ ಅಂಜಬೇಡಿ. ತೆರೆಯ ಮೇಲಿದ್ದುದನ್ನು ಓದಿಸಿ ಕೇಳಿ, ಸರಿಯಿದ್ದರೆ ಮಾತ್ರ ಹೂಂ ಅನ್ನಿ. ತಪ್ಪು ಕಂಡರೆ, ಎದುರಿಗಿರುವವರು ಎಷ್ಟೇ ದೊಡ್ಡವರಿರಲಿ, ಬಾಯಿ ಬಿಟ್ಟು ಹೇಳಿ.