ಸದ್ದು ಅಡಗುವ ತನಕ

ನಾನು ಮೂರಡಿ ಉದ್ದದ ರೈಲು ಹಳಿಯ ತುಂಡು. ಉಕ್ಕಿನ ಕುಲುಮೆಯಲ್ಲಿ ಹುಟ್ಟಿ, ಗದಗಿನ ಹತ್ತಿರ ಮೂವತ್ತು ವರ್ಷ ರೈಲುಗಳಿಗೆ ಬೆನ್ನು ಕೊಟ್ಟೆ. ಸವೆದ ಮೇಲೆ ಕತ್ತರಿಸಿದರು. ಯಾರೋ ಪುಣ್ಯಾತ್ಮರು ತಂದು ಪ್ರೌಢಶಾಲೆಯ ಬೇವಿನ ಮರಕ್ಕೆ ತೂಗುಹಾಕಿದರು. ಅಂದಿನಿಂದ ನಾನೇ ಶಾಲೆಯ ಗಂಟೆ.

ಜವಾನ ದ್ಯಾಮಣ್ಣ ಕಬ್ಬಿಣದ ಸರಳಿನಿಂದ ಹೊಡೆದರೆ ಊರಿಗೆಲ್ಲ ಕೇಳುತ್ತಿತ್ತು. ನನಗೆ ಸ್ವಲ್ಪ ಜಂಬವಿತ್ತು, ಸುಳ್ಳೇಕೆ ಹೇಳಲಿ. ಸಂಜೆ ಮೊಳಗಿದರೆ ಮಕ್ಕಳು ಕುಣಿಯುತ್ತಿದ್ದರು. ಪರೀಕ್ಷೆಯ ದಿನ ಮಾತ್ರ ಅವೇ ಮುಖಗಳು ಬಾಡುತ್ತಿದ್ದವು. ಅದೇಕೆಂದು ನಾನು ತಲೆಕೆಡಿಸಿಕೊಂಡವನಲ್ಲ.

ಕೆಡಿಸಿದವಳು ಹತ್ತನೆಯ ತರಗತಿಯ ನೀಲಾಂಬಿಕಾ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಗಣಿತದ ದಿನ, ನಾನು ಮೊಳಗಿದ್ದೇ ತಡ, ಅವಳ ಪೆನ್ನು ಕೈಜಾರಿದ್ದನ್ನು ಕಿಟಕಿಯಲ್ಲಿ ಕಂಡೆ. ಬರುವ ಲೆಕ್ಕವೂ ಮರೆತು, ಖಾಲಿ ಹಾಳೆ ಕೊಟ್ಟು, ನನ್ನ ಕೆಳಗೇ ಕುಳಿತು ಅತ್ತಳು.

"ಗಂಟಿ ಕೇಳಿದ ಕೂಡ್ಲೆ ಎದಿ ಡಬಡಬ ಹೊಡ್ಕೊಂತೈತ್ರಿ ಟೀಚರ್. ಆಮ್ಯಾಲ ಏನೂ ನೆನಪಾಗಂಗಿಲ್ರಿ."

ಗಣಿತದ ಹೊಂಬಳ ಟೀಚರ್ ಬೈಯಲಿಲ್ಲ. ಮರುದಿನ ಇಡೀ ತರಗತಿಯನ್ನು ಮರದ ಕೆಳಗೆ ಕೂರಿಸಿದರು.

"ದ್ಯಾಮಣ್ಣ, ಒಂದ ಸಲ ಹೊಡೀರಿ. ನೀವೆಲ್ಲ ಕಣ್ಣು ಮುಚ್ಚಿ ಕೇಳ್ರಿ. ಉಸಿರು ತನ್ನಷ್ಟಕ್ಕ ತಾನ ಹೋಗಿ ಬರ್ಲಿ. ಸದ್ದು ಪೂರ್ತಿ ಅಡಗಿದ ಮ್ಯಾಲ ಕೈ ಎತ್ರಿ."

ಎರಡು ಎಣಿಸುವಷ್ಟರಲ್ಲಿ ಎಲ್ಲ ಕೈಗಳೂ ಮೇಲೆ! ನನಗೆ ನಗು ಬಂತು. ನನ್ನ ಸದ್ದಿನ ಬಾಲ ಎಷ್ಟು ಉದ್ದವೆಂದು ಅವರಿಗೇನು ಗೊತ್ತು? ಆದರೆ ಟೀಚರ್ ಒಂದು ದಿನವೂ ಬಿಡದೆ ಇದನ್ನೇ ಮಾಡಿಸಿದರು. ತಿಂಗಳಾಗುವಷ್ಟರಲ್ಲಿ ಕೊನೆಗೆ ಏಳುವ ಕೈ ನೀಲಾಂಬಿಕಾಳದೇ ಆಗಿತ್ತು.

ಅಷ್ಟರಲ್ಲಿ ಕರೆಂಟ್ ಗಂಟೆ ಬಂತು. ಕಿರ್ರೆಂದು ಕೂಗಿ ಗಕ್ಕನೆ ನಿಲ್ಲುವ ಅದಕ್ಕೆ ಬಾಲವೇ ಇಲ್ಲ. ನನ್ನನ್ನು ಇಳಿಸಿ ಕಾಂಪೌಂಡಿನ ಮೂಲೆಯಲ್ಲಿ ಮಲಗಿಸಿದರು. ದುಃಖವಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಇನ್ನೇನು ಮಾಡುತ್ತಾಳೋ ಎಂಬ ಚಿಂತೆ ಹತ್ತಿತು.

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ನಮ್ಮ ಶಾಲೆಯಲ್ಲೇ. ಅಂದು ಬೆಳಿಗ್ಗೆ ಅವಳು ನನ್ನ ಬಳಿ ಬಂದು, ಒಂದು ಕಲ್ಲೆತ್ತಿಕೊಂಡು ಬಡಿದಳು. ನೆಲಕ್ಕೊರಗಿದ ಹಳಿ ಮೊಳಗೀತೇ? 'ಟಕ್' ಎಂದೆ, ಅಷ್ಟೇ. ನಾಚಿಕೆಯಿಂದ ಸತ್ತೇಹೋದೆ.

ಅವಳು ಮಾತ್ರ ಕಣ್ಣು ಮುಚ್ಚಿ ನಿಂತೇ ಇದ್ದಳು. ಉಸಿರು ಹೋಯಿತು, ಬಂತು. ಬಹಳ ಹೊತ್ತಿನ ಮೇಲೆ, ಹೇಳುವವರು ಯಾರೂ ಇಲ್ಲದಿದ್ದರೂ, ಮೆಲ್ಲನೆ ಕೈ ಎತ್ತಿದಳು. ಆಮೇಲೆ ಒಳಗೆ ಹೋದಳು.

ಪರೀಕ್ಷೆ ಮುಗಿದಾಗ ಅವಳ ಬೆರಳ ತುಂಬ ಶಾಯಿ. "ಟೀಚರ್, ಅಡಿಷನಲ್ ಶೀಟ್ ತಗೊಂಡೆನ್ರಿ!" ಎಂದು ಕೂಗಿದ್ದು ಮೂಲೆಯಲ್ಲಿದ್ದ ನನಗೂ ಕೇಳಿಸಿತು.

ಈಗ ತುಕ್ಕು ಹಿಡಿಯುತ್ತಾ ಇಲ್ಲೇ ಬಿದ್ದಿದ್ದೇನೆ. ಗುಜರಿಯವನು ಇಂದೋ ನಾಳೆಯೋ ಬರುತ್ತಾನೆ. ಬರಲಿ, ಕಬ್ಬಿಣ ಒಯ್ಯಲಿ. ನನ್ನ ಸದ್ದು ನೀಲಾಂಬಿಕಾಳ ಹತ್ತಿರ ಇದೆ.