ಕೊನೆಯ ಕೋಣೆಯ ಲಾನ್‌ಯಿಂಗ್

ಛಿಂಗ್‌ತಾನ್ ಒಂದನೇ ಪ್ರೌಢಶಾಲೆಯ ನೂರಿಪ್ಪತ್ತನೇ ವರ್ಷದ ಸಮಾರಂಭಕ್ಕೆ ಚೂ ಲಾನ್‌ಯಿಂಗ್‌ಗೆ ಆಮಂತ್ರಣ ಬಂತು. ‘ಗೌರವಾನ್ವಿತ ಹಳೆಯ ವಿದ್ಯಾರ್ಥಿನಿಯವರೇ, ನಿಮ್ಮ ಶಾಲೆ ನಿಮ್ಮ ದಾರಿ ಕಾಯುತ್ತಿದೆ’ ಎಂದು ಕೆಂಪು ಕಾಗದದ ಮೇಲೆ ಹೊಂಬಣ್ಣದಲ್ಲಿ ಅಚ್ಚಾಗಿತ್ತು. ಹೆಸರು ಅವಳದೇ. ವಿಳಾಸ ಅವಳ ತವರಿನದು; ಅಣ್ಣ ಅದನ್ನು ಒಂದು ಮಾತೂ ಆಡದೆ ತಂದು ಅವಳ ತೋಫು ಅಂಗಡಿಯ ಕಟ್ಟೆಯ ಮೇಲಿಟ್ಟು ಹೋಗಿದ್ದ. ಇರುವುದೊಂದೇ ತೊಡಕು. ಅವಳು ಆ ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ.

ಹತ್ತಬೇಕೆಂದು ಆಸೆಪಟ್ಟದ್ದು ನಿಜ. ಹದಿನೈದು ತುಂಬಿದ ವರ್ಷ, ಎಂಬತ್ತಾರನೇ ಇಸವಿಯಲ್ಲಿ, ಪ್ರವೇಶ ಪರೀಕ್ಷೆ ಬರೆದಿದ್ದಳು. ಇಡೀ ಜಿಲ್ಲೆಯ ಮಕ್ಕಳು ಬರೆಯುವ ಪರೀಕ್ಷೆ. ಒಂದೊಂದು ಊರಿನಿಂದ ಒಬ್ಬಿಬ್ಬರಿಗೆ ಸೀಟು ಸಿಕ್ಕರೆ ಅದೇ ಪುಣ್ಯ. ಗಣಿತದ ಪರೀಕ್ಷೆ ಮುಗಿಸಿ ಹೊರಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಆಮೇಲೆ ಬೇಸಿಗೆಯೆಲ್ಲ ಕಾದಳು, ಪ್ರವೇಶದ ಪತ್ರ ಬರಲಿಲ್ಲ. ‘ಪಾಸಾಗಿಲ್ಲ ಬಿಡು’ ಎಂದು ಅಪ್ಪ ಹೇಳಿ, ತೋಫುವಿಗೆ ಸೋಯಾಕಾಳು ಬೀಸುವ ಕಲ್ಲಿನ ಮುಂದೆ ಕೂರಿಸಿದ. ಅಂದಿನಿಂದ ಲಾನ್‌ಯಿಂಗ್ ತನ್ನ ಬುದ್ಧಿಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಳು. ಚೆನ್ನಾಗಿ ಬರೆದೆ ಎಂದುಕೊಂಡದ್ದೇ ಸುಳ್ಳಾದರೆ ಇನ್ನು ಯಾವುದನ್ನು ನಂಬುವುದು?

“ತಪ್ಪಿ ಬಂದಿರೋದು ಕಣೇ,” ಎಂದ ಗಂಡ. “ಆದ್ರೂ ಹೋಗು. ಊಟವಂತೂ ಹಾಕ್ತಾರೆ.”

“ಯಾರದೋ ಮದುವೇಲಿ ಉಣ್ಣೋಕೆ ನಾನೇನು ಹೊಟ್ಟೆಗಿಲ್ಲದೋಳಾ?”

ಹೀಗೆ ಬೈದವಳು ಭಾನುವಾರ ಮೊದಲನೇ ಬಸ್ಸಿಗೇ ಹೊರಟಳು. ಆ ಪರೀಕ್ಷೆಯಲ್ಲಿ ತಾನು ಪಾಸಾಗಿದ್ದೆನೋ ಇಲ್ಲವೋ, ಅದೊಂದು ಗೊತ್ತಾದರೆ ಸಾಕಿತ್ತು. ಮಿಕ್ಕದ್ದೆಲ್ಲ ನೆಪ.

ಗೇಟಿನ ಬಳಿ ಒಬ್ಬ ಹುಡುಗಿ ಪಟ್ಟಿಯಲ್ಲಿ ಬೆರಳಾಡಿಸಿ, “ಎಂಬತ್ತೊಂಬತ್ತರಲ್ಲಿ ಮುಗಿಸಿದೋರು, ಮೂರನೇ ಸೆಕ್ಷನ್. ಇದ್ದೀರಿ!” ಎಂದು ಅವಳ ಕುತ್ತಿಗೆಗೆ ಕೆಂಪು ಶಾಲನ್ನೂ ಹೆಸರಿನ ಚೀಟಿಯನ್ನೂ ಹಾಕಿಯೇಬಿಟ್ಟಳು. ‘ನಾನಲ್ಲ’ ಎಂದು ಹೇಳಲು ಬಾಯಿ ತೆರೆಯುವುದರೊಳಗೆ ಹಿಂದಿನವರು ನೂಕಿದರು. ಲಾನ್‌ಯಿಂಗ್ ಶಾಲೆಯ ಇತಿಹಾಸದ ಕೋಣೆಗೆ ಬಂದು ಬಿದ್ದಳು.

ಅಲ್ಲಿ ಎಲ್ಲವೂ ಗಾಜಿನ ಹಿಂದೆ. ಉಪ್ಪಿನ ವ್ಯಾಪಾರಿಯೊಬ್ಬ ಕಟ್ಟಿಸಿದ ಹಳೆಯ ವಿದ್ಯಾಶಾಲೆಯ ಫಲಕ. ಚಕ್ರವರ್ತಿಯ ಕಾಲದ ಪಾಠ ಬಿಟ್ಟು ಬೀಜಗಣಿತ ಹೇಳಿಕೊಟ್ಟ ಮೊದಲ ಮೇಷ್ಟರ ಚಿತ್ರ, ಅರಸೊತ್ತಿಗೆಯಲ್ಲಿ ಗಂಡಸರು ಬಿಡಲೇಬೇಕಿದ್ದ ಜಡೆಯನ್ನು ಕತ್ತರಿಸಿಕೊಂಡದ್ದು. ಯುದ್ಧದ ವರ್ಷ ಜಪಾನಿನವರು ಬಂದಾಗ ಪುಸ್ತಕಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ನಲವತ್ತು ದಿನ ಬೆಟ್ಟದ ಕಡೆ ನಡೆದ ಮಕ್ಕಳ ಪಟ. ಅರ್ಧ ಮಕ್ಕಳ ಕಾಲಲ್ಲಿ ಹುಲ್ಲಿನ ಚಪ್ಪಲಿ. ಪೀಕಿಂಗಿಗೂ ಶಾಂಘೈಗೂ ಓದಲು ಹೋದವರ ಹೆಸರು ಗೋಡೆಯುದ್ದಕ್ಕೂ ಇರುವೆ ಸಾಲಿನಂತೆ. ಅದೆಲ್ಲ ದಾಟಿದ ಮೇಲೆ ತರಗತಿವಾರು ಪಟ್ಟಿ. ಎಂಬತ್ತೊಂಬತ್ತು, ಮೂರನೇ ಸೆಕ್ಷನ್, ಏಳನೆಯ ಹೆಸರು: ಚೂ ಲಾನ್‌ಯಿಂಗ್.

ಅವಳು ಗಾಜಿನ ಮೇಲೆ ಬೆರಳಿಟ್ಟು ನೋಡಿದಳು. ಜಿಲ್ಲೆಯಲ್ಲಿ ಅದೇ ಹೆಸರಿನವರು ಇನ್ನೊಬ್ಬರು ಇರಬಾರದೆಂದೇನಿಲ್ಲ. ಆದರೆ ಹೆಸರಿನ ಪಕ್ಕದಲ್ಲಿ ಅವಳ ಹಳ್ಳಿಯೂ ಇತ್ತು. ಆ ಹಳ್ಳಿಯಲ್ಲಿ ಇದ್ದದ್ದು ಒಬ್ಬಳೇ ಲಾನ್‌ಯಿಂಗ್, ಅವಳು ಮೂವತ್ತೇಳು ವರ್ಷ ಸೋಯಾಕಾಳು ಬೀಸಿದ್ದಳು. ಹಾಗಾದರೆ ಇಲ್ಲಿ ಓದಿದ್ದು ಯಾರು?

“ಅಯ್ಯೋ ಲಾನ್‌ಯಿಂಗ್! ಒಂಚೂರೂ ಬದಲಾಗಿಲ್ವಲ್ಲೇ ನೀನು!”

ಕುತ್ತಿಗೆಯ ಚೀಟಿ ಓದಿಕೊಂಡು ಬಂದು ಅಪ್ಪಿಕೊಂಡವಳು ಗುಯಿಝೆನ್ ಎಂಬ ದಪ್ಪನೆಯ ಹೆಂಗಸು, ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು. ಅವಳ ಹಿಂದೆ ಛಿಯಾವ್, ಆಗ ತರಗತಿಯ ಲೀಡರು, ಈಗ ಬೋಳುತಲೆಯ ಡಾಕ್ಟರು.

“ನೋಡಿ, ನಾನು ನೀವಂದುಕೊಂಡಿರೋಳು ಅಲ್ಲ,” ಎಂದಳು ಲಾನ್‌ಯಿಂಗ್.

“ನಾನೂ ಅಲ್ಲಮ್ಮ! ಆಗ ನಲವತ್ತು ಕಿಲೋ ಇದ್ದೆ, ಈಗ ನೋಡು!” ಎಂದು ಗುಯಿಝೆನ್ ನಗುತ್ತ ಕೈಹಿಡಿದು ಊಟದ ಮನೆಗೆ ಎಳೆದುಕೊಂಡು ಹೋದಳು.

ನಿಜ ಹೇಳಿದರೂ ಯಾರೂ ಕೇಳದಿದ್ದರೆ ಏನು ಮಾಡುವುದು? ಲಾನ್‌ಯಿಂಗ್ ಕುಳಿತು ತನ್ನ ಬಗ್ಗೆ ತಾನೇ ಕೇಳಿಸಿಕೊಂಡಳು. ತಾನು ಕಿಟಕಿಯ ಪಕ್ಕ ಕೂರುತ್ತಿದ್ದಳಂತೆ. ಮಾತು ಕಮ್ಮಿಯಂತೆ. ಮನೆಯಿಂದ ಯಾರೂ ನೋಡಲು ಬರುತ್ತಿರಲಿಲ್ಲವಂತೆ. ಹಾಸ್ಟೆಲಿನಲ್ಲಿ ಹೊದಿಕೆಯೊಳಗೆ ಅಳುತ್ತಿದ್ದಳಂತೆ. ಕೇಳುತ್ತ ಕೇಳುತ್ತ ಅವಳಿಗೆ ತಲೆ ತಿರುಗಿತು. ಒಂದು ಗಳಿಗೆ, ಇವರೆಲ್ಲ ಇಷ್ಟು ಖಂಡಿತವಾಗಿ ಹೇಳುವಾಗ ತಾನೇ ಮರೆತಿರಬಹುದೇ ಎಂಬ ಹುಚ್ಚು ಅನುಮಾನವೂ ಬಂತು.

“ಆದ್ರೂ ಒಂದು ನನಗೆ ಇವತ್ತಿಗೂ ಅರ್ಥ ಆಗಿಲ್ಲ,” ಎಂದ ಛಿಯಾವ್, ಮೀನಿನ ಮುಳ್ಳು ಬಿಡಿಸುತ್ತ. “ಸೇರೋವಾಗ ಜಿಲ್ಲೆಗೇ ಮೂರನೇ ಸ್ಥಾನ. ಸೇರಿದ ಮೇಲೆ ಕೊನೇ ಕೋಣೆ!”

ಆ ಶಾಲೆಯಲ್ಲಿ ತಿಂಗಳಿಗೊಂದು ಪರೀಕ್ಷೆ. ಹಿಂದಿನ ತಿಂಗಳ ಸ್ಥಾನದ ಪ್ರಕಾರವೇ ಕೂರುವ ಜಾಗ: ಮೊದಲ ಮೂವತ್ತು ಮಂದಿ ಮೊದಲನೇ ಕೋಣೆ, ಹಾಗೆ ಇಳಿಯುತ್ತ ಇಳಿಯುತ್ತ ಬಿಸಿನೀರಿನ ಹಂಡೆಯ ಪಕ್ಕದ ಕೊನೆಯ ಕೋಣೆ. ಯಾರು ಯಾವ ಬಾಗಿಲು ಹೊಗುತ್ತಾರೆಂದು ಇಡೀ ಶಾಲೆ ಅಂಗಳದಲ್ಲಿ ನಿಂತು ನೋಡುತ್ತಿತ್ತು.

“ಮೂರು ವರ್ಷ ಅದೇ ಕೋಣೆ, ಅದೇ ಹಂಡೆ,” ಎಂದಳು ಗುಯಿಝೆನ್. “ನಿನ್ನನ್ನ ‘ಹಂಡೆ ಕಾಯೋಳು’ ಅಂತಿದ್ವಲ್ಲ, ನೆನಪಿದ್ಯಾ?”

ಲಾನ್‌ಯಿಂಗ್‌ಗೆ ಕಿವಿ ಬಿಸಿಯಾಯಿತು. ತನ್ನ ಹೆಸರನ್ನು ಯಾರೋ ಹೊತ್ತುಕೊಂಡು ಹೋದದ್ದಲ್ಲದೆ ಅದನ್ನು ಕೊನೆಯ ಕೋಣೆಯಲ್ಲಿ ಕೂರಿಸಿದ್ದಳು! ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಜೊತೆಗೇ, ಹೊದಿಕೆಯೊಳಗೆ ಅಳುತ್ತಿದ್ದ ಆ ಹುಡುಗಿಯನ್ನು ನೆನೆದು ಕರುಳು ಚುರುಕ್ ಎಂದದ್ದೂ ನಿಜ. ಕಳ್ಳಿಯ ಮೇಲೆ ಕರುಣೆಯೇ ಎಂದು ತನ್ನ ಮೇಲೂ ಸಿಟ್ಟು ಬಂತು.

“ಮೂರನೇ ಸ್ಥಾನ ಅಂತ ಯಾರು ಹೇಳಿದ್ದು?” ಎಂದು ಕೇಳಿದಳು.

“ಯೆನ್ ಮೇಷ್ಟ್ರು. ಅವತ್ತು ಪೇಪರ್ ತಿದ್ದಿದೋರೇ ಅವರು. ಅಗೋ, ಬಂದ್ರು.”

ಎಂಬತ್ತಾರು ವರ್ಷದ ಯೆನ್ ಮೇಷ್ಟರು ಕೋಲೂರಿಕೊಂಡು ಬಂದು, ಎಲ್ಲರೂ ಎದ್ದು ನಿಂತು ಗೌರವ ತೋರಿಸಿದ ಮೇಲೆ, ಲಾನ್‌ಯಿಂಗ್ ಪಕ್ಕದ ಕುರ್ಚಿಯಲ್ಲಿ ಕುಳಿತರು. ಅವಳ ಚೀಟಿ ಓದಿದರು. ಮುಖ ನೋಡಿದರು. ಮತ್ತೆ ಚೀಟಿ ಓದಿದರು. ಉಳಿದವರು ಚಹಾಕ್ಕಾಗಿ ಎದ್ದು ಹೋಗುವವರೆಗೂ ಕಾದರು.

ಆಮೇಲೆ ಊಟದ ಕಡ್ಡಿಯನ್ನು ವಿನಿಗರಿನಲ್ಲಿ ಅದ್ದಿ ಬಿಳಿಯ ತಟ್ಟೆಯ ಮೇಲೆ ಒಂದು ತ್ರಿಕೋನ ಬರೆದರು. ಒಳಗೊಂದು ಗೆರೆ, ಶೃಂಗದಿಂದ ಎದುರು ಬದಿಯ ನಡುವಿಗೆ. “ಈ ಎರಡು ಬದಿ ಸೇರಿದ್ರೆ ನಡುಗೆರೆಯ ಎರಡರಷ್ಟಕ್ಕಿಂತ ದೊಡ್ಡದು ಅಂತ ಸಾಧಿಸ್ಬೇಕು. ಎಲ್ಲಿಂದ ಶುರು ಮಾಡ್ತೀಯಮ್ಮ?” ಎಂದು ಕಡ್ಡಿ ಅವಳ ಕೈಗೆ ಕೊಟ್ಟರು.

ಯೋಚಿಸುವುದೇನಿತ್ತು? ಆ ಬೇಸಿಗೆಯೆಲ್ಲ, ಆಮೇಲಿನ ಎಷ್ಟೋ ಬೇಸಿಗೆ, ಎಲ್ಲಿ ತಪ್ಪಿದೆ ಎಲ್ಲಿ ತಪ್ಪಿದೆ ಎಂದು ಅವಳು ಇದೇ ಲೆಕ್ಕವನ್ನು ಬೀಸುವ ಕಲ್ಲಿನ ಮುಂದೆ ಮಾಡಿದ್ದಳು. ನಡುಗೆರೆಯನ್ನು ತ್ರಿಕೋನದ ಹೊರಕ್ಕೆ ಅಷ್ಟೇ ಉದ್ದ ಎಳೆದಳು. ಅಷ್ಟಕ್ಕೇ ಲೆಕ್ಕ ಬಿಚ್ಚಿಕೊಂಡಿತು.

ಮೇಷ್ಟರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. “ಅವತ್ತು ಎಲ್ಲಾರೂ ಒಳಗೇ ಗೆರೆ ಎಳೆದು ಒದ್ದಾಡಿದ್ರು. ಹೊರಗೆ ಎಳೆದೋಳು ನೀನೊಬ್ಬಳೇ. ಪೇಪರಲ್ಲಿ ಹೆಸರಿನ ಭಾಗ ಮಡಿಸಿ ಹೊಲಿದಿರ್ತಾರಲ್ಲ, ಆ ಹೊಲಿಗೆ ಬಿಚ್ಚೋವರೆಗೂ ಕಾದು ಹೆಸರು ನೋಡ್ದೆ. ಈ ಹುಡುಗಿ ನನ್ನ ತರಗತಿಗೇ ಬೇಕು ಅಂತ ಕೇಳಿ ಹಾಕಿಸ್ಕೊಂಡೆ.”

“ಬಂದೋಳು ನಾನಲ್ವಲ್ಲ ಮೇಷ್ಟ್ರೇ.”

“ಮೊದಲನೇ ವಾರದಲ್ಲೇ ಗೊತ್ತಾಯ್ತು. ಲೆಕ್ಕ ಬರ್ತಿರಲಿಲ್ಲ. ಹೆಸರು ಕೂಗಿದ್ರೆ ಒಂದು ಸಲಕ್ಕೆ ತಿರುಗಿ ನೋಡ್ತಿರಲಿಲ್ಲ. ಆದ್ರೆ ಕೈಲಿ ಪತ್ರ ಇತ್ತು, ಪತ್ರಕ್ಕೆ ಮೊಹರು ಇತ್ತು. ಪತ್ರಗಳು ಆಗ ಊರಿನ ಶಾಲೆಗೇ ಹೋಗ್ತಿದ್ವು. ಅಲ್ಲಿ ಯಾರು ಇಟ್ಕೊಂಡ್ರು, ಯಾರಿಗೆ ಕೊಟ್ರು, ನಾನು ಕೇಳ್ಲಿಲ್ಲ. ಕೇಳ್ಬೇಕಿತ್ತು. ನನಗೂ ಹೆಂಡ್ತಿ ಮಕ್ಕಳು ಇದ್ರು, ಬಾಯಿ ಮುಚ್ಕೊಂಡೆ.”

ಅದೇ ವರ್ಷ ಅಣ್ಣನಿಗೆ ಊರಿನ ಸರ್ಕಾರಿ ಧಾನ್ಯದ ಉಗ್ರಾಣದಲ್ಲಿ ಇದ್ದಕ್ಕಿದ್ದಂತೆ ಕೆಲಸ ಸಿಕ್ಕಿತ್ತು. ಅದು ಈಗ ಯಾಕೆ ನೆನಪಾಯಿತೋ. ಅಪ್ಪನಿಗೆ ಗೊತ್ತಿತ್ತೇ? ಗೊತ್ತಿದ್ದೇ ‘ಪಾಸಾಗಿಲ್ಲ ಬಿಡು’ ಎಂದನೇ? ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಸತ್ತವರನ್ನು ಕೇಳುವಂತಿಲ್ಲ, ಅಣ್ಣನನ್ನು ಕೇಳಲು ಧೈರ್ಯವಿಲ್ಲ. ಲಾನ್‌ಯಿಂಗ್ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು. ಅವಳು ಕೇಳಬೇಕೆಂದು ಬಂದದ್ದು ಬೇರೆ.

“ಮೇಷ್ಟ್ರೇ, ನನಗೆ ಗಣಿತದಲ್ಲಿ ಎಷ್ಟು ಬಂದಿತ್ತು?”

“ನೂರಿಪ್ಪತ್ತಕ್ಕೆ ನೂರ ಹದಿನೇಳು.”

“ಮೂರು ಯಾಕೆ ಹೋಯ್ತು?”

“ಒಂದು ಹೆಜ್ಜೆ ಬರೀದೆ ಹಾರಿಬಿಟ್ಟಿದ್ದೆ. ಅವಸರ ನಿನಗೆ.”

ಅವಳು ತಲೆಯಾಡಿಸಿದಳು. ಯಾವ ಹೆಜ್ಜೆಯೆಂದು ಅವಳಿಗೆ ಗೊತ್ತಿತ್ತು. ಕಣ್ಣೀರು ಬಂತು, ಅದನ್ನು ಕೆಂಪು ಶಾಲಿನಿಂದಲೇ ಒರೆಸಿಕೊಂಡಳು. ಸಂತೋಷಕ್ಕೋ ಹೊಟ್ಟೆಯುರಿಗೋ ಎಂದು ಅವಳನ್ನೇ ಕೇಳಿದ್ದರೂ ಹೇಳಲಾಗುತ್ತಿರಲಿಲ್ಲ.

“ಹಾಜರಿ! ಹಾಜರಿ! ಎಲ್ಲಾರೂ ತರಗತಿಗೆ ಬನ್ರಪ್ಪಾ!” ಎಂದು ಛಿಯಾವ್ ಕೂಗಿದ. ಹಳೆಯ ತರಗತಿ ಸೇರಿದಾಗಲೆಲ್ಲ ಹಳೆಯ ಮೇಷ್ಟರು ಹಾಜರಿ ತೆಗೆದುಕೊಳ್ಳಲೇಬೇಕು, ಅಜ್ಜಂದಿರಾದವರೂ ಎದ್ದು ಉತ್ತರ ಕೊಡಲೇಬೇಕು. ಗುಯಿಝೆನ್ ಅವಳನ್ನು ಎಳೆದುಕೊಂಡು ಹೋಗಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ಎದ್ದು ಹೋಗಿಬಿಡಲೇ ಎಂದುಕೊಂಡಳು ಲಾನ್‌ಯಿಂಗ್. ಈ ಜಾಗ ತನ್ನದೋ ಅಲ್ಲವೋ? ತನ್ನದಾಗಿದ್ದರೆ ಇಷ್ಟು ಸಂಕೋಚವೇಕೆ, ಅಲ್ಲವಾಗಿದ್ದರೆ ಇಷ್ಟು ಆಸೆಯೇಕೆ?

ಮೇಷ್ಟರು ಕನ್ನಡಕ ಏರಿಸಿ ಓದತೊಡಗಿದರು. ಒಬ್ಬೊಬ್ಬರೂ ಎದ್ದು “ಬಂದಿದ್ದೀನಿ!” ಎಂದು ಹುಡುಗರಂತೆ ಕಿರುಚಿದರು. ತೀರಿಕೊಂಡ ಒಬ್ಬನ ಹೆಸರು ಬಂದಾಗ ಎಲ್ಲರೂ ಅವನ ಪರವಾಗಿ ಮೆಲ್ಲಗೆ ಉತ್ತರ ಕೊಟ್ಟರು. ಏಳನೆಯ ಹೆಸರಿಗೆ ಮೇಷ್ಟರು ಓದು ನಿಲ್ಲಿಸಿದರು. ಪಟ್ಟಿಯಿಂದ ತಲೆ ಎತ್ತಿ, ಕಿಟಕಿಯ ಕಡೆ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಕೂಗಿದರು.

“ಚೂ ಲಾನ್‌ಯಿಂಗ್.”

ಅವಳು ಎದ್ದಳು. ಮೊಣಕಾಲು ಬೆಂಚಿಗೆ ತಾಗಿತು.

“ಈಗ ಬಂದೆ, ಮೇಷ್ಟ್ರೇ.”

ತರಗತಿಯೆಲ್ಲ ಹೋ ಎಂದು ನಕ್ಕಿತು. “ಲೇಟು! ಲೇಟಾಗಿ ಬಂದೋಳನ್ನ ಬಾಗಿಲ ಹೊರಗೆ ನಿಲ್ಲಿಸಿ ಸಾರ್!” ಎಂದು ಛಿಯಾವ್ ಬೆಂಚು ಗುದ್ದಿದ. ಗುಯಿಝೆನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಯೆನ್ ಮೇಷ್ಟರು ನಗಲಿಲ್ಲ. ಪಟ್ಟಿಯ ಕಡೆ ಬಗ್ಗಿದರು, ತುಟಿ ಅಲುಗಿತು, ಎಂಟನೆಯ ಹೆಸರು ಹೊರಡಲಿಲ್ಲ. ಸ್ವಲ್ಪ ಹೊತ್ತು ನೋಡಿ, ಮೇಷ್ಟರಿಗೆ ವಯಸ್ಸಾಯಿತು ಎಂದುಕೊಂಡು ಛಿಯಾವ್ ಎದ್ದು ಹೋಗಿ ಅವರ ಕೈಯಿಂದ ಪಟ್ಟಿ ತೆಗೆದುಕೊಂಡು ಉಳಿದದ್ದನ್ನು ತಾನೇ ಓದಿದ.